ಕಂದು ನಾಯಿಯ ಹತ್ತು ದಿನ

ಹತ್ತನೆಯ ದಿನ ಬೆಳಿಗ್ಗೆ ಆರು ಹತ್ತಕ್ಕೆ ಪ್ರಾಣೇಶ ಮರಳಿನ ಗುಡ್ಡೆಯ ಈಚೆ ನಿಂತು ಕಂದು ನಾಯಿಯನ್ನು ನೋಡಿದ. ನಾಯಿ ಖಾಲಿ ಸಿಮೆಂಟ್ ಚೀಲಗಳ ಮೇಲೆ ಮೈ ಮುರಿಯಿತು, ಆಕಳಿಸಿತು, ಇಟ್ಟಿಗೆಯ ಒಟ್ಟಿಲಿಗೆ ಕಾಲೆತ್ತಿತು. ಆಮೇಲೆ ಗೋಡೆಗೆ ಹೊಡೆಯಲು ನೀರು ತುಂಬಿಟ್ಟಿದ್ದ ತೊಟ್ಟಿಗೆ ಬಾಯಿ ಹಾಕಿ ಲಪಲಪನೆ ಕುಡಿಯಿತು. ಪ್ರಾಣೇಶ ಕೈಗಡಿಯಾರ ನೋಡಿಕೊಂಡ. ನಲವತ್ತು ಸೆಕೆಂಡು. ಜೇಬಿನ ಸಣ್ಣ ಪುಸ್ತಕ ತೆಗೆದು, "ಹತ್ತನೇ ದಿನ. ಕಂಡೆ. ನಡಿಗೆ ಸರಿ. ನೀರು ಕುಡಿಯಿತು" ಎಂದು ಬರೆದು ಕೆಳಗೆ ಎರಡು ಗೆರೆ ಎಳೆದ. ಕಂಪನಿ ಬಸ್ಸಿನ ನಿಲುಗಡೆಯತ್ತ ನಡೆಯುವಾಗ ಹತ್ತು ದಿನಗಳಿಂದ ಹೆಗಲ ಮೇಲೆ ಕೂತಿದ್ದ ಭಾರ ಇಳಿದಂತಾಗಿ, ಯಾರೂ ಇಲ್ಲದ್ದನ್ನು ನೋಡಿ ಸಣ್ಣಗೆ ಸಿಳ್ಳೆ ಹಾಕಿದ.

ಅವನು ಪಟಾನ್‌ಚೆರುವಿನ ಔಷಧಿ ಕಾರ್ಖಾನೆಯೊಂದರಲ್ಲಿ ಗುಣಮಟ್ಟ ಪರೀಕ್ಷಿಸುವ ಕೆಮಿಸ್ಟ್. ಹದಿನಾಲ್ಕು ವರ್ಷದಲ್ಲಿ ಅವನು ಸಹಿ ಹಾಕಿದ ಒಂದು ಹಾಳೆಯೂ ವಾಪಸು ಬಂದಿರಲಿಲ್ಲ. ಮನೆ ಮಲ್ಕಾಜ್‌ಗಿರಿಯಲ್ಲಿ; ಹೆಂಡತಿ ಶರ್ವರಿಯ ತಂದೆ ರೈಲ್ವೆಯಲ್ಲಿ ಗಾರ್ಡ್ ಆಗಿದ್ದಾಗ ಕಟ್ಟಿಸಿದ ಒಂಟಿ ಅಂತಸ್ತಿನ ಮನೆ. ಅಂಥ ಮನೆಗಳು ಈಗ ಆ ಓಣಿಯಲ್ಲಿ ಮೂರೇ ಉಳಿದಿದ್ದವು. ಸಾಫ್ಟ್‌ವೇರ್ ಕಂಪನಿಗಳು ಊರಿನ ಆ ತುದಿಗಿದ್ದರೂ ಅವರ ಸಂಬಳ ಈ ತುದಿಯ ಗೋಡೆಗಳನ್ನೂ ಕೆಡವುತ್ತಿತ್ತು. ಎದುರಿನ ಹಳೆಯ ಬಂಗಲೆಯ ಜಾಗದಲ್ಲಿ ಐದು ಅಂತಸ್ತಿನ ಅಪಾರ್ಟ್‌ಮೆಂಟ್ ಏಳುತ್ತಿತ್ತು. ಕೂಲಿಯವರು ಬಂದರು, ಅವರ ಒಲೆಗಳು ಬಂದವು, ಒಲೆಯ ವಾಸನೆಗೆ ನಾಯಿಗಳು ಬಂದವು.

ಪ್ರಾಣೇಶನ ಮನೆಯ ನಾಯಿ ಗುಂಡ್ಯಾನೂ ಹಾಗೇ ಎಂಟು ತಿಂಗಳ ಹಿಂದೆ ಗೇಟಿನ ಕೆಳಗೆ ನುಸುಳಿ ಬಂದ ಬೀದಿಮರಿ. ಮಗಳು ಪೂರ್ವಿ, ಒಂಬತ್ತು ವರ್ಷದವಳು, ಹಾಲು ಹಾಕಿದಳು. ಅಲ್ಲಿಗೆ ಅವನ ಊರು ಮನೆತನ ಎಲ್ಲ ನಿಶ್ಚಯವಾಯಿತು. ಅವನಿಗೆ ಹುಚ್ಚುನಾಯಿ ರೋಗದ ಚುಚ್ಚುಮದ್ದು ಹಾಕಿಸಲು ಪ್ರಾಣೇಶ ಒಂದು ದವಾಖಾನೆಗೆ ಹೋಗಿದ್ದ. ಅಲ್ಲಿನ ಫ್ರಿಜ್ಜಿನಲ್ಲಿ ಮದ್ದಿನ ಜೊತೆಗೆ ಮೊಸರಿನ ಡಬ್ಬಿ ಇತ್ತು, ಥರ್ಮಾಮೀಟರ್ ಇರಲಿಲ್ಲ. ಇಂಥ ಕಡೆ ಹಾಕಿಸುವುದಕ್ಕಿಂತ ಒಳ್ಳೆಯ ಜಾಗ ಹುಡುಕಿ ಹಾಕಿಸಿದರಾಯಿತೆಂದು ವಾಪಸು ಕರೆತಂದ. ಹುಡುಕುತ್ತ ಐದು ತಿಂಗಳು ಕಳೆದವು.

ಕಚ್ಚಿದ್ದು ಒಂದು ಬುಧವಾರ ಸಂಜೆ ಐದಕ್ಕೆ. ಪೂರ್ವಿ ಟ್ಯೂಶನ್ ಮುಗಿಸಿ ಬರುತ್ತಿದ್ದಳು. ಗುಂಡ್ಯಾ ಎಂದಿನಂತೆ ಅವಳ ಚೀಲ ಮೂಸುತ್ತ ಬೆನ್ನ ಹಿಂದೆ. ಅಪಾರ್ಟ್‌ಮೆಂಟಿನ ಮುಂದೆ ಕಂದು ನಾಯಿಯೊಂದು ಬೊಗಳದೆ, ಗುರ್ರೆನ್ನದೆ, ನೇರ ಬಂದು ಗುಂಡ್ಯಾನ ಕಿವಿಯ ಕೆಳಗೆ ಬಾಯಿ ಹಾಕಿತು. ಕೊಡವಿ ಬಿಟ್ಟು ಹಾಗೇ ಹೊರಟುಹೋಯಿತು. ಪೂರ್ವಿ ರಕ್ತ ಸುರಿಯುವ ನಾಯಿಯನ್ನು ಎದೆಗವಚಿಕೊಂಡು ಮನೆಗೆ ತಂದಳು. ಹೆದರಿದ ಗುಂಡ್ಯಾ ದಾರಿಯುದ್ದಕ್ಕೂ ಅವಳ ಮುಂಗೈಯನ್ನು ಉಗುರಿನಿಂದ ಗೀರಿದ್ದ.

ಆವತ್ತು ಪ್ರಾಣೇಶ ರಜೆಯಲ್ಲಿದ್ದ. ಅವನು ಗಾಬರಿಯಾಗಲಿಲ್ಲ. ಹಿತ್ತಲಿನ ನಲ್ಲಿಯ ಕೆಳಗೆ ಗಾಯವನ್ನು ಬಟ್ಟೆ ಸಾಬೂನಿನಿಂದ ಹದಿನೈದು ನಿಮಿಷ, ಗಡಿಯಾರ ನೋಡಿಕೊಂಡು ತೊಳೆದ. ತನ್ನ ಕೈಗೆ ಲ್ಯಾಬಿನ ಗ್ಲೌಸು ಹಾಕಿಕೊಂಡಿದ್ದ. ಪೂರ್ವಿಗೂ ಒಂದು ಜೊತೆ ಕೊಟ್ಟ. ಅವಳ ಸಣ್ಣ ಕೈಯಿಂದ ಅವು ಜಾರಿ ಜಾರಿ ಬಿದ್ದವು. ಗುಂಡ್ಯಾ ಬೇರೆ ಯಾರಿಗೂ ತಲೆ ಹಿಡಿಯಗೊಡಲಿಲ್ಲ. ಹೀಗಾಗಿ ಅವಳು ಬರಿಗೈಯಲ್ಲೇ ಹಿಡಿದಳು.

"ನಾಯಿ ಯಾವ ಬಣ್ಣ ಇತ್ತು?" ಎಂದು ಕೇಳಿದ.

"ಕಂದು."

"ಮೈಮ್ಯಾಲೆ ಬ್ಯಾರೆ ಬಣ್ಣ?"

"ಮುಂದಿನ ಕಾಲು ಬೆಳ್ಳಗಿತ್ತು. ಈ ಕಡೇದು. ಅಪ್ಪಾ, ಅದರ ಕೊರಳಾಗ..."

"ಒಂದೊಂದ ಹೇಳು ಪುಟ್ಟಿ. ಎತ್ತರ ಎಷ್ಟಿತ್ತು? ಗುಂಡ್ಯಾಗಿಂತ ದೊಡ್ಡದು?"

ದೊಡ್ಡದು ಎಂದಳು. ಅಷ್ಟರಲ್ಲಿ ಶರ್ವರಿ ಪಾರ್ಸಲ್ ಆಫೀಸಿನ ಕೆಲಸ ಮುಗಿಸಿ ಬಂದವಳು ಮಗಳ ಅಂಗಿಯ ಮೇಲಿನ ರಕ್ತ ನೋಡಿ ಚೀಲ ಬಾಗಿಲಲ್ಲೇ ಬಿಟ್ಟು ಓಡಿಬಂದಳು. ಮಾತು ಬೇರೆ ಕಡೆ ಹೋಯಿತು.

ಪಶುವೈದ್ಯ ಗೋಪಿನಾಥ ಬೀದರಿನಲ್ಲಿ ಓದಿ ಬಂದವರು. ಗಾಯಕ್ಕೆ ಹೊಲಿಗೆ ಹಾಕಲಿಲ್ಲ. "ನಾಯಿ ಕಚ್ಚಿದ ಗಾಯ ತೆರೆದೇ ಇರಬೇಕ್ರಿ. ಮುಚ್ಚಿದರೆ ಒಳಗಿನ ವಿಷಾನೂ ಒಳಗೇ ಉಳೀತದೆ," ಎಂದರು. ಗುಂಡ್ಯಾನಿಗೆ ಮೊದಲ ಚುಚ್ಚುಮದ್ದು ಹಾಕಿದರು. ಆಮೇಲೆ ಪೂರ್ವಿಯ ಮುಂಗೈಯ ಗೀರುಗಳನ್ನು ದೀಪದ ಕೆಳಗೆ ಹಿಡಿದು ನೋಡಿದರು. "ಗಾಯದಲ್ಲಿನ ಜೊಲ್ಲು ಈ ಗೀರಿಗೂ ತಾಗಿರಬಹುದು. ಇವಳಿಗೂ ಇವತ್ತೇ ಶುರು ಮಾಡಿಸಿ. ಕಚ್ಚಿದ ನಾಯಿಯನ್ನ ಹತ್ತು ದಿನ ಕಣ್ಣಳತೆಯಲ್ಲಿ ಇಟ್ಟುಕೊಳ್ಳಿ. ಹತ್ತು ದಿನ ಅದು ನೆಟ್ಟಗಿದ್ದರೆ, ಕಚ್ಚಿದಾಗ ಅದರ ಜೊಲ್ಲಿನಲ್ಲಿ ರೋಗ ಇರಲಿಲ್ಲ ಅಂತ ಲೆಕ್ಕ. ಆಗ ನಿಲ್ಲಿಸಬಹುದು."

ಮನೆಗೆ ಬಂದಮೇಲೆ ಪ್ರಾಣೇಶ ಈ ಮಾತನ್ನು ತಿರುಗಿಸಿ ಹಿಡಿದ. ಹಿಂದಿನ ವರ್ಷ ಯಾವುದೋ ಸೂಜಿಗೆ ಪೂರ್ವಿಯ ಮುಖ ಊದಿ, ಉಸಿರು ಸಿಕ್ಕಿಕೊಂಡು ಒಂದು ರಾತ್ರಿ ಆಸ್ಪತ್ರೆಯಲ್ಲಿ ಕಳೆದಿದ್ದರು. ಶರ್ವರಿಗಂತೂ ಚಿಕ್ಕಂದಿನಲ್ಲಿ ಹೊಕ್ಕುಳ ಸುತ್ತ ಹಾಕಿಸಿಕೊಂಡ ಹದಿನಾಲ್ಕು ಸೂಜಿಗಳ ನೆನಪು ಇನ್ನೂ ಹೋಗಿರಲಿಲ್ಲ. ನಾಯಿ ಕಣ್ಣೆದುರಿಗೇ ಇದೆ. ಹತ್ತು ದಿನ ನೋಡಿದಮೇಲೆ ಸೂಜಿ ಬೇಡವೆಂದು ತಿಳಿಯುವುದಾದರೆ, ಮೊದಲು ನೋಡಿಯೇ ಬಿಡೋಣ.

"ದಿನಾ ಮುಂಜಾನೆ ನಾನೇ ನೋಡ್ತೀನಿ. ಒಂದ ದಿನ ಕಾಣಲಿಲ್ಲ ಅಂದ್ರೂ, ಒಂಚೂರು ಬ್ಯಾರೆ ಅನ್ನಿಸಿದ್ರೂ, ಆವತ್ತೇ ದವಾಖಾನಿಗೆ," ಎಂದ.

ಶರ್ವರಿ ಮಗಳ ಮುಂಗೈಯ ಗೀರುಗಳನ್ನು ಮತ್ತೊಮ್ಮೆ ನೋಡಿದಳು. "ನೀವು ಹೇಳಿದ್ದು ಶಾಣ್ಯಾತನದ ಮಾತೇ ಇರಬೇಕು. ಆದ್ರ ಕೂಸು ನನ್ನದೂ ಹೌದು. ಜವಾಬ್ದಾರಿ ತಗೋತೀರಿ?"

"ತಗೋತೀನಿ."

ಮರುದಿನ ಬೆಳಿಗ್ಗೆ ನಾಯಿ ಸಿಕ್ಕಿತು. ಕಂದು ಬಣ್ಣ, ಎಡ ಮುಂಗಾಲು ಬಿಳಿ, ಗುಂಡ್ಯಾನಿಗಿಂತ ಒಂದು ಗೇಣು ಎತ್ತರ. ಹತ್ತಿರ ಹೋಗುವುದು ಜಾಣತನವಲ್ಲವೆಂದು ಮರಳಿನ ಗುಡ್ಡೆಯ ಈಚೆಯೇ ನಿಂತ. ಹಾಗೆ ಹತ್ತು ದಿನ. ಈ ಹತ್ತು ದಿನ ಪೂರ್ವಿಯನ್ನು ಗುಂಡ್ಯಾನಿಂದ ದೂರವಿಟ್ಟು ಎಲ್ಲ ಆರೈಕೆಯನ್ನೂ ತಾನೇ ಮಾಡಿದ. ಎರಡು ಹೊತ್ತು ಗಾಯ ತೊಳೆಯುವುದು, ಕಂದು ಬಣ್ಣದ ಅಯೊಡಿನ್ ಹಚ್ಚುವುದು, ಬೇವಿನೆಣ್ಣೆ ಸವರಿ ನೊಣ ಓಡಿಸುವುದು. ಗಾಯ ಕೆರೆದುಕೊಳ್ಳದಿರಲೆಂದು ಹಳೆಯ ಪ್ಲಾಸ್ಟಿಕ್ ಬಕೆಟ್ಟಿನ ತಳ ಕತ್ತರಿಸಿ ಗುಂಡ್ಯಾನ ಕೊರಳಿಗೆ ಹಾಕಿದಾಗ ಪೂರ್ವಿ ಕಿಟಕಿಯಿಂದಲೇ ನಕ್ಕಳು.

"ಅಮ್ಮಾ, ಗುಂಡ್ಯಾ ಡಿಶ್ ಆಂಟೆನಾ ಹಾಕ್ಕೊಂಡಾನ."

"ಯಾವ ಚಾನಲ್ ಬರ್ತದ ಕೇಳು," ಎಂದಳು ಶರ್ವರಿ, ಒಳಗಿನಿಂದ. ಆ ವಾರದಲ್ಲಿ ಅವಳು ನಗಲು ಪ್ರಯತ್ನಿಸಿದ್ದು ಅದೊಂದೇ ಸಲ.

ಹತ್ತನೆಯ ದಿನದ ಸಂಜೆ ಪ್ರಾಣೇಶ ಪುಸ್ತಕವನ್ನು ಹೆಂಡತಿಯ ಮುಂದೆ ಇಟ್ಟ. ಅವಳು ಹತ್ತೂ ಸಾಲು ಓದಿದಳು. ದೇವರ ಮುಂದೆ ತುಪ್ಪದ ದೀಪ ಹಚ್ಚಿ ಬಂದಳು. ಪೂರ್ವಿಯ ಮೇಲಿನ ನಿರ್ಬಂಧ ಅಂದೇ ತೆರವಾಯಿತು. ಗುಂಡ್ಯಾನಿಗೆ ಉಳಿದ ಎರಡು ಚುಚ್ಚುಮದ್ದು ಬೇಕಿಲ್ಲವೆಂದು ಪ್ರಾಣೇಶ ಗೋಪಿನಾಥರಿಗೆ ಫೋನ್ ಮಾಡಿದ.

"ಹಾಕಿಸಿಬಿಡ್ರಿ, ಹೋಗಲಿ," ಎಂದರು ಅವರು. "ಹತ್ತು ದಿನ ನೀವೇ ಖುದ್ದು ನೋಡಿದ್ರೇನು?"

"ಒಂದ ದಿನಾನೂ ತಪ್ಪಿಸಿಲ್ರಿ."

"ಹಂಗಾದರೆ ನಿಮ್ಮಿಷ್ಟ."

ಪ್ರಾಣೇಶನಿಗೆ ಇಷ್ಟವಾದದ್ದು ಗಾಯ ಮಾಯುತ್ತಿದ್ದ ಬಗೆ. ಅಂಚಿನಿಂದ ಒಳಗೆ, ದಿನಕ್ಕಿಷ್ಟು, ಗುಲಾಬಿ ಬಣ್ಣದ ಹೊಸ ಚರ್ಮ. ಇಪ್ಪತ್ತನೆಯ ದಿನಕ್ಕೆ ಬಕೆಟ್ಟು ತೆಗೆದ. ಗಾಯ ಮಾಯಲೆಂದು ಗೋಪಿನಾಥರು ಕೊಟ್ಟಿದ್ದ ಗುಳಿಗೆಯನ್ನು ಗುಂಡ್ಯಾನ ನಾಲಗೆಯ ಬುಡಕ್ಕೆ ನೂಕುವ ಕೆಲಸ ಈಗ ಪೂರ್ವಿಯದು. ಗುಂಡ್ಯಾ ಅವಳ ಕೈಯನ್ನು ಮೊಣಕೈವರೆಗೂ ನೆಕ್ಕಿ ಋಣ ತೀರಿಸುತ್ತಿದ್ದ.

ಇಪ್ಪತ್ತೈದನೆಯ ದಿನ ಭಾನುವಾರ. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಪ್ರಾಣೇಶ ಬಿಸ್ಕೀಟಿನ ಪೊಟ್ಟಣ ಹಿಡಿದು ಎದುರಿನ ಕಟ್ಟಡಕ್ಕೆ ಹೋದ. ಒಂದು ರೀತಿಯ ಕೃತಜ್ಞತೆ. ಆ ನಾಯಿ ಹತ್ತು ದಿನ ಬದುಕಿ ತನ್ನ ಮಗಳನ್ನು ಉಳಿಸಿತ್ತಲ್ಲ. ಕಾವಲಿನ ಹೆಂಗಸು ಗದಿಗೆಮ್ಮ ತಗಡಿನ ಗುಡಿಸಲ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಯಾದಗಿರಿ ಕಡೆಯವಳು; ಗಂಡ ಗಾರೆ ಕೆಲಸ.

"ಬರ್ರಿ ಸಾಹೇಬ್ರ. ಇವತ್ತ ಪುಸ್ತಕ ತಂದಿಲ್ಲೇನ್ರಿ?" ಎಂದಳು. "ನಮ್ಮ ನಾಯೀದು ಹಾಜರಿ ಹಾಕೂದ ಬಿಟ್ಟೇಬಿಟ್ರಿ."

"ಹಾಜರಿ ಮುಗೀತವ್ವಾ. ನಿಮ್ಮ ನಾಯಿ ಪಾಸಾತು."

"ಸಾಲಿ ಕಲ್ತ ನಾಯಿ ಆತಲ್ಲ. ಇನ್ನ ಹೈಟೆಕ್ ಸಿಟ್ಯಾಗ ನೌಕರಿ ಕೊಡಸ್ರಿ," ಎಂದು ಬಾಯಿಗೆ ಸೆರಗು ಹಿಡಿದು ನಕ್ಕಳು.

ಪ್ರಾಣೇಶನೂ ನಕ್ಕ. ಬಿಸ್ಕೀಟು ಮುರಿದು ಹಾಕಿದ. ಕಂದು ನಾಯಿ ಬಾಲವನ್ನು ಸೊಂಟದ ಸಮೇತ ಅಲ್ಲಾಡಿಸುತ್ತ ಬಂದು ಅವನ ಚಪ್ಪಲಿ ಮೂಸಿತು. ಅಷ್ಟು ಹತ್ತಿರದಿಂದ ಅದನ್ನು ಅವನು ನೋಡಿದ್ದು ಅದೇ ಮೊದಲು. ಇನ್ನೂ ಎಳೆಯದು. ಕಣ್ಣಿನಲ್ಲಿ ಒಂದಿಷ್ಟೂ ಕೆಟ್ಟತನವಿಲ್ಲ.

"ಇಷ್ಟ ಮೆತ್ತಗಿನ ನಾಯಿ ಆವತ್ತ ಹಂಗ್ಯಾಕ ಕಚ್ತೋ ಏನೋ."

"ಇದ್ಯಾಕ ಕಚ್ಚತೈತ್ರಿ," ಎಂದಳು ಗದಿಗೆಮ್ಮ ರೊಟ್ಟಿ ತಿರುವಿ ಹಾಕುತ್ತ. "ಕಚ್ಚಿದ್ದು ಇದರ ಅಣ್ಣ. ಅದು ಸತ್ತು ಎಷ್ಟ ದಿನಾತು."

ಪ್ರಾಣೇಶನ ಕೈಯಲ್ಲಿದ್ದ ಬಿಸ್ಕೀಟು ಹಾಗೇ ಇತ್ತು. ನಾಯಿ ಅದನ್ನು ಅವನ ಬೆರಳುಗಳ ನಡುವಿನಿಂದ ಮೆಲ್ಲಗೆ ತೆಗೆದುಕೊಂಡಿತು.

"ಯಾವಾಗ ಸತ್ತಿತು?"

"ನಿಮ್ಮ ನಾಯಿಗೆ ಬಾಯಿ ಹಾಕಿತ್ತಲ್ರಿ, ಅದರ ನಾಕನೇ ದಿನಕ್ಕೋ ಐದಕ್ಕೋ. ದವಡಿ ಜೋತುಬಿದ್ದಿತ್ತು. ಜೊಲ್ಲು ಅಂದ್ರ ಜೊಲ್ಲು. ನೀರಿನ ತೊಟ್ಟಿ ತನಕ ಹೋಗೂದು, ಬಾಯಿ ಇಡೂದು, ಕುಡೀಲಾರದ ಹಿಂದಕ ಬರೂದು. ಕಡೀಕ ಜೀನಿ ಮೆಟ್ಟಿಲ ಕೆಳಗ ಕತ್ತಲಾಗ ಹೊಕ್ಕೊಂತು. ನನ್ನ ಗಂಡ ಕೋಲಿಲೆ ಎಳದ ಹೊರಗ ಹಾಕಿದ. ಎರಡೂ ಒಂದ ಸೂಲಿನ ಮರಿಗಳ್ರಿ. ದೂರದಿಂದ ನಮಗೂ ಗೊತ್ತಾಗ್ತಿರಲಿಲ್ಲ. ಅದು ಹರಾಮಿ ಅಂತ ನಾನ ಕೊರಳಿಗೆ ಒಂದ ಹಗ್ಗ ಬಿಗದಿದ್ದೆ."

"ನನಗ ಹೇಳಬಾರದಾಗಿತ್ತಾ?"

ಅವಳು ಮೊದಲ ಸಲ ಕೆಲಸ ನಿಲ್ಲಿಸಿ ಅವನ ಮುಖ ನೋಡಿದಳು. "ನೀವು ಕೇಳಿದ್ರೇನ್ರಿ ಯಪ್ಪಾ? ದಿನಾ ಬರ್ತಿದ್ರಿ, ಅಲ್ಲೇ ನಿಂತು ನೋಡ್ತಿದ್ರಿ, ಬರಕೊಂಡು ಹೋಗ್ತಿದ್ರಿ. ನಾಯಿ ಹಿಡಿಯೂ ಗಾಡಿ ಕರಸ್ತಾರೇನೋ ಅಂತ ಅಂಜಿ ನಾನೂ ಸುಮ್ಮನಿದ್ದೆ. ಇದೊಂದಾದ್ರೂ ಉಳೀಲಿ ಅಂತ."

"ಎಲ್ಲಿ ಹೂತ್ರಿ?"

ಅವಳು ಗದ್ದದಿಂದ ಕಟ್ಟಡದ ಒಳಗೆ ತೋರಿಸಿದಳು. ಲಿಫ್ಟಿಗೆಂದು ತೋಡಿದ ಕುಣಿಯಲ್ಲಿ. ಮರುದಿನವೇ ಮೇಲೆ ಕಾಂಕ್ರೀಟು ಸುರಿದಿದ್ದರು. ಈಗ ಆ ಕುಣಿಯ ಅಂಚಿನಲ್ಲಿ ಹೊಸದಾಗಿ ಮದುವೆಯಾದಂತೆ ಕಾಣುವ ಜೋಡಿಯೊಂದು ನಿಂತಿತ್ತು. ಇಬ್ಬರ ಕೊರಳಲ್ಲೂ ಕಂಪನಿಯ ಗುರುತಿನ ಪಟ್ಟಿ. ಇಲ್ಲಿ ಆರು ಜನ ಹಿಡಿಸುವ ಲಿಫ್ಟ್ ಬರುತ್ತದೆ ಎಂದು ಮೇಸ್ತ್ರಿ ಹಿಂದಿಯಲ್ಲಿ ಹೇಳುತ್ತಿದ್ದ. ಹುಡುಗಿ ಬಗ್ಗಿ ಕೆಳಗೆ ನೋಡಿದಳು.

ಓಣಿ ದಾಟುವ ಇಪ್ಪತ್ತು ಹೆಜ್ಜೆಯಲ್ಲಿ ಪ್ರಾಣೇಶನಿಗೆ ತನ್ನ ಲ್ಯಾಬಿನ ಹಾಳೆ ಕಣ್ಣಮುಂದೆ ಬಂತು. ಯಾವ ಔಷಧಿಯ ಹಾಳೆಯಾದರೂ ಸರಿ, ಮೊದಲ ಸಾಲು ಗುರುತಿನ ಪರೀಕ್ಷೆ. ಡ್ರಮ್ಮಿನೊಳಗಿನ ಪುಡಿ ಎಷ್ಟು ಶುದ್ಧ, ಎಷ್ಟು ತೇವ ಎಂದು ಅಳೆಯುವ ಮೊದಲು ಕೇಳಬೇಕು: ಇದು ಅದೇ ಹೌದೋ? ಬಿಳಿ ಪುಡಿಗಳೆಲ್ಲ ಒಂದೇ ಥರ ಕಾಣುತ್ತವೆ ಎಂದು ಹೊಸ ಹುಡುಗರಿಗೆ ಅವನೇ ಕಲಿಸುತ್ತಿದ್ದ. ಆ ಸಾಲು ಬಿಟ್ಟು ಮುಂದಿನದನ್ನೆಲ್ಲ ಎಷ್ಟು ಚೊಕ್ಕಟವಾಗಿ ಮಾಡಿದರೂ ಹಾಳೆ ರದ್ದಿಗೆ ಸಮ. ಕಚ್ಚಿದ್ದನ್ನು ಕಣ್ಣಾರೆ ಕಂಡವಳು ಮನೆಯಲ್ಲಿ ಒಬ್ಬಳೇ ಇದ್ದಳು. ಅವಳನ್ನು ಒಂದು ಸಲ ಕರೆತಂದು, ಇದೇ ಏನು ಎಂದು ಕೇಳಿರಲಿಲ್ಲ. ಮಗುವನ್ನು ಆ ನಾಯಿಯ ಹತ್ತಿರ ಒಯ್ಯುವುದು ಬೇಡವೆಂದು ಜೋಪಾನ ಮಾಡಿದ್ದ.

ಪೂರ್ವಿ ಮೆಟ್ಟಿಲ ಮೇಲೆ ಕೂತಿದ್ದಳು. ಗುಂಡ್ಯಾನ ದವಡೆ ಅವಳ ಎಡಗೈಯಲ್ಲಿತ್ತು, ಬಲಗೈಯ ಎರಡು ಬೆರಳು ಅವನ ಬಾಯೊಳಗೆ.

ಪ್ರಾಣೇಶ ಗೇಟಿನಲ್ಲೇ ನಿಂತ. ತನ್ನ ದನಿ ಎತ್ತರವಾಗದಂತೆ ನೋಡಿಕೊಂಡ. "ಪೂರ್ವಿ, ಕೈ ತಗಿ. ಓಡಬ್ಯಾಡ. ಮೆಲ್ಲಕ ಎದ್ದು ನನ್ನ ಕಡೆ ಬಾ."

"ಗುಳಿಗಿ ಇನ್ನೂ ನುಂಗಿಲ್ಲಪ್ಪಾ. ನಿನ್ನೆಯಿಂದ ನುಂಗವಲ್ಲ ಇವ. ಚಪಾತೀನೂ ಹಂಗೇ ಬಾಯಾಗ ಇಟ್ಕೊಂಡು ಕೂಡ್ತಾನ."

"ಇರಲಿ. ಬಾ."

ಬಂದಳು. ಅವಳ ಬೆರಳುಗಳು ಹೊಳೆಯುತ್ತಿದ್ದವು. ಪ್ರಾಣೇಶ ಅವಳನ್ನು ನಲ್ಲಿಯ ಕೆಳಗೆ ನಿಲ್ಲಿಸಿ ಸಾಬೂನು ಹಚ್ಚುತ್ತ ಕೇಳಿದ: "ಗುಂಡ್ಯಾಗ ಕಚ್ಚಿದ ನಾಯಿ ಕೊರಳಾಗ ಏನಿತ್ತು?"

"ಹಗ್ಗ. ನೀಲಿ ಹಗ್ಗ," ಎಂದಳು ಪೂರ್ವಿ, ಇಷ್ಟು ತಡವಾಗಿ ಕೇಳುತ್ತಿದ್ದಾನಲ್ಲ ಎಂಬ ಅಚ್ಚರಿಯಿಂದ.

ಶರ್ವರಿ ಅಡುಗೆಮನೆಯ ಬಾಗಿಲಲ್ಲಿ ನಿಂತು, ಗದಿಗೆಮ್ಮ ಹೇಳಿದ್ದೆಲ್ಲವನ್ನೂ ಗಂಡನ ಬಾಯಿಂದ ಕೇಳಿದಳು. ಅವಳು ಅಳಲಿಲ್ಲ, ಬೈಯಲಿಲ್ಲ. "ಎಷ್ಟನೇ ದಿನ ಇವತ್ತು?" ಎಂದಳು.

"ಇಪ್ಪತ್ತೈದು."

ಅವಳು ಒಲೆ ಆರಿಸಿ, ಚಪ್ಪಲಿ ಮೆಟ್ಟಿಕೊಂಡಳು. ಗಂಡನ ಕಡೆ ನೋಡದೆ ಮಗಳ ಕೈಯಿಂದ ಸಾಬೂನು ತೆಗೆದುಕೊಂಡು ತಾನೇ ಮತ್ತೆ ಮೊದಲಿನಿಂದ ತೊಳೆಯತೊಡಗಿದಳು.

ಪ್ರಾಣೇಶ ಗ್ಲೌಸು ಹಾಕಿಕೊಂಡು, ಉದ್ದನೆಯ ಸರಪಳಿಯಿಂದ ಗುಂಡ್ಯಾನನ್ನು ಮಾಳಿಗೆಯ ಮೇಲಿನ ಕೋಣೆಗೆ ಒಯ್ದ. ಗುಂಡ್ಯಾ ತಕರಾರಿಲ್ಲದೆ ಬಂದ. ಮೆಟ್ಟಿಲ ನಡುವೆ ಒಂದು ಕಡೆ ನಿಂತು, ಏನೂ ಇಲ್ಲದ ಗೋಡೆಯನ್ನು ಸ್ವಲ್ಪ ಹೊತ್ತು ನೋಡಿದ.

ಸರ್ಕಾರಿ ಆಸ್ಪತ್ರೆಯಲ್ಲಿ ಭಾನುವಾರವೂ ಆ ಸೂಜಿಗೆ ಸಾಲು ಇತ್ತು. ಡಾಕ್ಟರು ತೆಲುಗಿನಲ್ಲಿ ಒಂದೊಂದೇ ಕೇಳಿ ಬರೆದುಕೊಂಡರು. ಇಪ್ಪತ್ತೈದು ಎಂದಾಗ ಪೆನ್ನು ನಿಂತಿತು. ಅವರು ಪ್ರಾಣೇಶನ ಅಂಗಿಯ ಜೇಬಿನ ಪೆನ್ನುಗಳನ್ನೂ ಕನ್ನಡಕವನ್ನೂ ನೋಡಿದರು.

"ಓದಿದವರಂತೆ ಕಾಣುತ್ತೀರಿ. ಇಷ್ಟು ದಿನ ಏನು ಮಾಡುತ್ತಿದ್ದಿರಿ?"

"ನೋಡುತ್ತಿದ್ದೆ," ಎಂದ ಪ್ರಾಣೇಶ.

ಡಾಕ್ಟರು ಇಪ್ಪತ್ತೈದು ಎಂದು ಬರೆದರು. ಹಿಂದಿನ ಸಲ ಮುಖ ಊದಿದ್ದನ್ನು ಹೇಳಿದಾಗ, ಅದಕ್ಕೆ ಬೇಕಾದ ಮದ್ದು ಪಕ್ಕದಲ್ಲೇ ಇಟ್ಟುಕೊಳ್ಳುತ್ತೇವೆ ಎಂದರು. ತಡವಾಯಿತೆಂದು ಕೊಡದೆ ಇರುವುದಿಲ್ಲ; ಇವತ್ತಿನಿಂದ ಐದು ಸಲ, ಜೊತೆಗೆ ಇವತ್ತೇ ಒಂದು ಸೀರಮ್ಮು; ನಾಯಿಯನ್ನು ಮುಟ್ಟಿದ ನೀವಿಬ್ಬರೂ ಹಾಕಿಸಿಕೊಳ್ಳಿ.

ಪ್ರಾಣೇಶ ಮೇಜಿನ ಅಂಚು ಹಿಡಿದು ಬಗ್ಗಿ ಮೆಲ್ಲಗೆ ಕೇಳಿದ. "ಒಳಗೆ ಈಗಾಗಲೇ ಶುರುವಾಗಿದೆಯೋ ಇಲ್ಲವೋ ಅಂತ ತಿಳಿಯಲು ಯಾವುದಾದರೂ ಪರೀಕ್ಷೆ..."

"ಇಲ್ಲ. ಕಾಣಿಸಿಕೊಂಡ ಮೇಲೆ ತಿಳಿಯುತ್ತದೆ. ಕಾಣಿಸಿಕೊಂಡ ಮೇಲೆ ತಿಳಿದು ಪ್ರಯೋಜನವಿಲ್ಲ."

ಪೂರ್ವಿ ಸೂಜಿಗೆ ಹಲ್ಲು ಕಚ್ಚಿಕೊಂಡಳು. ಅರ್ಧ ಗಂಟೆ ಬೆಂಚಿನ ಮೇಲೆ ಕೂರಿಸಿ ಉಸಿರು, ಮುಖ ನೋಡಿದರು, ಏನೂ ಆಗಲಿಲ್ಲ. ಆ ಭಯಕ್ಕೇ ಇಪ್ಪತ್ತೈದು ದಿನ ಸೂಜಿ ತಪ್ಪಿಸಿದ್ದರು. ಆಟೋದಲ್ಲಿ ಅವಳು ನೀರು ಕೇಳಿದಳು. ಶರ್ವರಿ ಬಾಟಲಿ ಕೊಟ್ಟಳು. ಮಗಳು ಕತ್ತೆತ್ತಿ ಕುಡಿಯುವಾಗ ಗಂಡ ಹೆಂಡತಿ ಇಬ್ಬರೂ ಅವಳ ಗಂಟಲನ್ನೇ ನೋಡುತ್ತಿದ್ದರು. ಒಬ್ಬರನ್ನೊಬ್ಬರು ನೋಡಿಕೊಂಡಿದ್ದು ಆಮೇಲೆ, ಒಂದು ಕ್ಷಣ.

"ಯಾಕ ಹಂಗ ನೋಡ್ತೀರಿ?" ಎಂದಳು ಪೂರ್ವಿ, ಬಾಯಿ ಒರೆಸಿಕೊಳ್ಳುತ್ತ.

ಮಧ್ಯಾಹ್ನ ಗೋಪಿನಾಥರು ಫೋನಿನಲ್ಲಿ ಸಿಕ್ಕರು. ನಾಯಿಯ ಹತ್ತಿರ ಯಾರೂ ಹೋಗಬೇಡಿ, ನಾಳೆ ಬೆಳಿಗ್ಗೆ ಮೊದಲ ಕೆಲಸ ನಿಮ್ಮದೇ ಎಂದರು. ಸಂಜೆ ಆರಕ್ಕೆ ಮೂವರೂ ನಡುಮನೆಯಲ್ಲಿ ಕೂತು ಅನ್ನ ಸಾರು ಉಣ್ಣುತ್ತಿದ್ದಾಗ ಮಾಳಿಗೆಯಿಂದ ಬೊಗಳು ಕೇಳಿಸಿತು. ಪ್ರಾಣೇಶನಿಗೆ ಅದರಲ್ಲಿ ಏನೂ ಬೇರೆ ಕಾಣಲಿಲ್ಲ. ಹಸಿದಿರಬೇಕು, ಒಂಟಿಯಾಗಿದ್ದಾನೆ ಎನ್ನಲು ಬಾಯಿ ತೆರೆದ.

ಪೂರ್ವಿ ತುತ್ತು ಕೈಯಲ್ಲೇ ಹಿಡಿದು ತಲೆಯೆತ್ತಿದ್ದಳು.

"ಅಪ್ಪಾ, ಗುಂಡ್ಯಾ ಹಂಗ ಬೊಗಳೂದಿಲ್ಲ."

"ಹಂಗ ಅಂದ್ರ?"

"ಮೊದಲ ಬೊಗಳ್ತಾನ, ಅದು ಮುಗಿಯೂದೇ ಇಲ್ಲ. ಹಿಂದ ಸಣ್ಣಗ ಎಳದಂಗ ಆಗ್ತದ. ಕೇಳು."

ಮತ್ತೆ ಬಂತು. ಈ ಸಲ ಅವನಿಗೂ ಕೇಳಿಸಿತು. ಬೊಗಳಿನ ಕೊನೆಯಲ್ಲಿ, ಹರಿದ ಬಟ್ಟೆಯ ದಾರದಂತೆ ಒಂದು ಊಳು. ಮೇಲೆ ಹೋಗಿ ಕಿಟಕಿಯಿಂದ ಒಂದು ಸಲ ನೋಡಿ ಬಂದರೆ ಖಾತ್ರಿಯಾಗುತ್ತದೆ ಎಂದು ಅವನ ಕಾಲುಗಳು ತಾವಾಗಿಯೇ ಎದ್ದವು. ಶರ್ವರಿ ಅವನನ್ನೇ ನೋಡುತ್ತಿದ್ದಳು. ಅವನು ಮೆಟ್ಟಿಲ ಬುಡದವರೆಗೆ ಹೋಗಿ, ಅಲ್ಲಿನ ಬಾಗಿಲಿನ ಮೇಲು ಚಿಲಕ ಕೆಳ ಚಿಲಕ ಎರಡೂ ಹಾಕಿ, ಬೀಗ ಜಡಿದು, ಕೀಲಿಯನ್ನು ತಂದು ಅವಳ ತಟ್ಟೆಯ ಪಕ್ಕದಲ್ಲಿಟ್ಟ. ಎಂಜಲು ಕೈಯಿಂದಲೇ ಫೋನ್ ಎತ್ತಿದ.

"ಡಾಕ್ಟ್ರೇ, ನಾಳೆ ಬ್ಯಾಡ. ಈಗಲೇ ಬರ್ರಿ. ದನಿ ಬದಲಾಗ್ಯದ."

ಆ ಕಡೆಯಿಂದ ಗೋಪಿನಾಥರು ಕೇಳಿದರು. "ನೀವು ಹೋಗಿ ನೋಡಿದ್ರೇನು?"

"ಇಲ್ರಿ," ಎಂದ ಪ್ರಾಣೇಶ. "ನನ್ನ ಮಗಳು ಗುರುತು ಹಿಡದಾಳ."